ಓಸಿಟಿಯಲ್ಲಿ ರೆಟಿನಾದ ಅಂಚು ಮಡಚಿಕೊಂಡು ಬರುತ್ತಿದೆ, ಮಷಿನ್ ಕೆಟ್ಟಿದೆಯಾ?

ಆಪ್ಟಮ್_ಹೊಸಬಳು:
ಕಣ್ಣಾಸ್ಪತ್ರೆಯಲ್ಲಿ ಓಸಿಟಿ ಸ್ಕ್ಯಾನ್ (ಕಣ್ಣಿನ ಹಿಂಭಾಗದ ರೆಟಿನಾ ಪದರವನ್ನು ಬೆಳಕಿನಿಂದ ಸೀಳಿದಂತೆ ತೋರಿಸುವ ಚಿತ್ರ) ಮಾಡುತ್ತೇನೆ, ಸೇರಿ ಆರು ತಿಂಗಳಾಯಿತು. ಇವತ್ತು ಮೈನಸ್ 16 ಪವರ್ ಇರುವ ಅಜ್ಜಿ ಬಂದಿದ್ದಾರೆ. ನಡುವೆ ರೆಟಿನಾ ಚೆನ್ನಾಗಿಯೇ ಕಾಣುತ್ತದೆ. ಎರಡೂ ತುದಿ ಮಾತ್ರ ಮೇಲಕ್ಕೆ ಹೋಗಿ, ಚಿತ್ರದ ಮೇಲಂಚಿಗೆ ತಾಗಿ, ದೋಸೆ ಮಡಚಿದ ಹಾಗೆ ಕೆಳಕ್ಕೆ ತಿರುಗಿವೆ. ಲೆನ್ಸ್ ಒರೆಸಿದೆ, ಆಫ್ ಮಾಡಿ ಆನ್ ಮಾಡಿದೆ, ಮೂರು ಸಲ ತೆಗೆದೆ. ಅದೇ ಕಥೆ. ಆಮೇಲೆ ಬಂದವರಿಗೆ ಸರಿಯಾಗಿ ಬಂತು! ಸರ್ವಿಸ್‌ನವರನ್ನು ಕರೆಸಬೇಕಾ? ಅಜ್ಜಿ ಇನ್ನೂ ಹೊರಗೆ ಕೂತಿದ್ದಾರೆ.

ಹಳೇ_ಟೆಕ್ನಿಷಿಯನ್:
ಬೇಡ ಮೇಡಂ, ಸುಮ್ನೆ ಖರ್ಚು. ಆಮೇಲಿನವರಿಗೆ ಸರಿ ಬಂತು ಅಂದಿರಲ್ಲ, ಉತ್ತರ ಅಲ್ಲೇ ಇದೆ. ಇದು ಮಿರರ್ ಆರ್ಟಿಫ್ಯಾಕ್ಟ್, ಅಂದರೆ ಕನ್ನಡಿಯಲ್ಲಿ ಕಂಡಂತೆ ತಿರುಗಿ ಬರುವ ಸುಳ್ಳು ಚಿತ್ರ.

ಮಷಿನ್ ಬೆಳಕನ್ನು ಎರಡು ಪಾಲು ಮಾಡಿ ಒಂದನ್ನು ಕಣ್ಣಿಗೆ, ಇನ್ನೊಂದನ್ನು ಒಳಗಿನ ಕನ್ನಡಿಗೆ ಕಳಿಸುತ್ತದೆ. ವಾಪಸ್ ಬಂದ ಎರಡೂ ಬೆರೆತಾಗ ಆಳದ ಲೆಕ್ಕ ಸಿಗುತ್ತದೆ. ಈಗಿನ ಸ್ಪೆಕ್ಟ್ರಲ್ ಡೊಮೈನ್ (ಬೆರೆತ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಅಳೆಯುವ) ಮಷಿನ್‌ಗಳಿಗೆ ಎರಡು ದಾರಿಗೂ ವ್ಯತ್ಯಾಸ ಎಷ್ಟು ಅಂತ ಗೊತ್ತಾಗುತ್ತದೆ, ಯಾವುದು ಉದ್ದ ಅಂತ ಗೊತ್ತಾಗುವುದಿಲ್ಲ. ಎರಡೂ ದಾರಿ ಸಮ ಇರುವ ಜಾಗವೇ ಸೊನ್ನೆ ಗೆರೆ; ಅದರಿಂದ ಅರ್ಧ ಮಿಲಿಮೀಟರ್ ಮೇಲಿದ್ದರೂ ಒಂದೇ, ಕೆಳಗಿದ್ದರೂ ಒಂದೇ. ನಿಮ್ಮ ಚಿತ್ರದ ಮೇಲಂಚೇ ಆ ಗೆರೆ. ಜಾಸ್ತಿ ಮೈನಸ್ ಇರುವ ಕಣ್ಣು ಉದ್ದ, ಹಿಂಭಾಗ ಆಳದ ಬಟ್ಟಲಿನ ಹಾಗೆ. ಬಟ್ಟಲಿನ ಅಂಚು ಗೆರೆ ದಾಟಿತು, ಮಡಚಿ ಕಂಡಿತು, ಅಷ್ಟೇ.

ಚಿತ್ರವನ್ನು ತಾನೇ ಕೂರಿಸುವ ಆಟೋ ಬಟನ್ ಒತ್ತಬೇಡಿ. ಕೈಯಿಂದಲೇ ಚಿತ್ರವನ್ನು ಕೆಳಕ್ಕಿಳಿಸಿ. ಕೆಳಗೆ ಹೋದಷ್ಟೂ ಮಂಕಾಗುತ್ತದೆ, ಹಾಗಾಗಿ ತೀರಾ ಇಳಿಸಬೇಡಿ. ಸ್ಕ್ಯಾನ್‌ಗೆ ಎಷ್ಟು ಉದ್ದದ ಅಡ್ಡಗೆರೆ ಹಾಕಿದ್ದೀರಿ?

ಆಪ್ಟಮ್_ಹೊಸಬಳು:
12 ಮಿಲಿಮೀಟರ್.

ಹಳೇ_ಟೆಕ್ನಿಷಿಯನ್:
ಅದೇ ನೋಡಿ. 6ಕ್ಕೆ ಇಳಿಸಿ, ಬಟ್ಟಲಿನ ತಳ ಮಾತ್ರ ಸಿಗುತ್ತದೆ. ಬೆಳಕು ಪಾಪೆಯ ನಡುವಿನಿಂದಲೇ ಹೋಗಲಿ, ಪಕ್ಕಕ್ಕೆ ಸರಿದರೆ ಚಿತ್ರ ಓರೆಯಾಗಿ ಒಂದು ತುದಿ ಮತ್ತೆ ಮೇಲೇರುತ್ತದೆ.

ಬೆಳಕಿನ_ಹುಚ್ಚ:
ನಡುವೆ ಬಾಯಿ ಹಾಕುತ್ತೇನೆ. 1991ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಪ್ರಕಟಿಸಿದ ಮೊದಲ ಓಸಿಟಿಯಲ್ಲಿ ಒಳಗಿನ ಕನ್ನಡಿಯೇ ಹಿಂದೆ ಮುಂದೆ ಸರಿಯುತ್ತಿತ್ತು. ಅದರಲ್ಲಿ ಈ ಮಡಚುವ ಕಾಟ ಇರಲಿಲ್ಲ, ಆದರೆ ಬಹಳ ನಿಧಾನ. ಇನ್ನೊಂದು ತಮಾಷೆ: ರೆಟಿನಾದ ಹಿಂದಿನ ರಕ್ತನಾಳಗಳ ಪದರ ಕೋರಾಯ್ಡ್ ಸ್ಪಷ್ಟವಾಗಿ ಕಾಣಲಿ ಅಂತ 2008ರ ಹೊತ್ತಿಗೆ ಚಿತ್ರವನ್ನು ಬೇಕೆಂದೇ ತಲೆಕೆಳಗು ಮಾಡಿ ತೆಗೆಯಲು ಶುರು ಮಾಡಿದರು. ತಲೆಕೆಳಗಾದರೆ ಕೋರಾಯ್ಡ್ ಸೊನ್ನೆ ಗೆರೆಯ ಹತ್ತಿರ ಬರುತ್ತದೆ, ಹತ್ತಿರ ಬಂದದ್ದು ಹೆಚ್ಚು ಸ್ಪಷ್ಟ, ಅಲ್ವಾ?

ಆಪ್ಟಮ್_ಹೊಸಬಳು:
ಸರಿಹೋಯ್ತು ಸರ್! ಎಡಗಣ್ಣು ಮೊದಲ ಸಲಕ್ಕೇ ಬಂತು. ಬಲಗಣ್ಣಿನ ಒಂದು ತುದಿ ಹಟ ಹಿಡಿದಿತ್ತು. ಅಜ್ಜಿಯ ಹಣೆ ಮಷಿನ್‌ನ ಹಣೆಪಟ್ಟಿಯಿಂದ ಹಿಂದೆ ಸರಿದಿತ್ತು, ಮುಂದೆ ಒತ್ತಿಸಿದೆ, ಸರಿಯಾಯಿತು. ಆದರೆ ರೆಟಿನಾದ ನರಪದರದ ದಪ್ಪದ ರಿಪೋರ್ಟ್ ತುಂಬ ಕೆಂಪು, ಅಂದರೆ ತೆಳು ಅಂತ ತೋರಿಸುತ್ತಿದೆ. ಕಣ್ಣಿನ ನರ ಹಾಳಾಗುವ ಗ್ಲಾಕೋಮಾನಾ?

ಹಳೇ_ಟೆಕ್ನಿಷಿಯನ್:
ಬಣ್ಣ ನೋಡಿ ಹೆದರಬೇಡಿ. ಹೋಲಿಕೆಗೆ ಮಷಿನ್ ಇಟ್ಟುಕೊಂಡಿರುವ ಕಣ್ಣುಗಳಲ್ಲಿ ಸಾಮಾನ್ಯವಾಗಿ ಇಷ್ಟು ಪವರ್‌ನವು ಇರುವುದಿಲ್ಲ. ಪದರಕ್ಕೆ ಮಷಿನ್ ಎಳೆದ ಗೆರೆ ಸರಿಯಾದ ಜಾಗದಲ್ಲಿ ಕೂತಿದೆಯಾ ಅಂತ ಒಂದೊಂದೇ ಚಿತ್ರ ತೆರೆದು ನೋಡಿ. ಗ್ಲಾಕೋಮಾ ಹೌದೋ ಅಲ್ಲವೋ ಡಾಕ್ಟರ್ ಹೇಳಲಿ. ಮಡಚಿದ ಆ ಮೂರು ಸ್ಕ್ಯಾನ್ ಮಾತ್ರ ರಿಪೋರ್ಟ್‌ಗೆ ಸೇರಿಸಬೇಡಿ.