ಹಳೇ ಪ್ರಿಲ್ಯೂಡ್ ಸನ್‌ರೂಫ್ ಅರ್ಧಕ್ಕೇ ನಿಲ್ಲುತ್ತಿದೆ, ನೀರೂ ಸೋರುತ್ತಿದೆ: ಮೋಟಾರ್ ಹೋಗಿದೆಯಾ?

ಪ್ರಶ್ನೆ (ಮೈಸೂರು, ಕುವೆಂಪುನಗರ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 1993ರ ಹೋಂಡಾ ಪ್ರಿಲ್ಯೂಡ್ ಇದೆ. ಚಿಕ್ಕಪ್ಪ ಇಂಗ್ಲೆಂಡ್‌ನಿಂದ ವಾಪಸ್ ಬರುವಾಗ ತಂದ ಗಾಡಿ. ಇಂಜಿನ್ ಇವತ್ತಿಗೂ ಗಟ್ಟಿಯಾಗಿದೆ, ಚಾಮುಂಡಿ ಬೆಟ್ಟ ಸಲೀಸಾಗಿ ಹತ್ತುತ್ತದೆ. ತೊಂದರೆ ಇರೋದು ಸನ್‌ರೂಫ್‌ನಲ್ಲಿ.

ಸ್ವಿಚ್ ಒತ್ತಿದರೆ ತೆರೆಯುತ್ತದೆ, ಆದರೆ ನಿಧಾನ. ಮುಚ್ಚುವಾಗ ಅರ್ಧ ದಾರಿಯಲ್ಲಿ ನಿಂತುಬಿಡುತ್ತದೆ. ಪ್ಯಾನೆಲ್ ನಿಂತರೂ ಹಿಂದಿನಿಂದ ಗರ್ರ್ ಅಂತ ಸದ್ದು ಬರುತ್ತಲೇ ಇರುತ್ತದೆ. ಕೈಯಿಂದ ತಳ್ಳುತ್ತಾ ಸ್ವಿಚ್ ಒತ್ತಿದರೆ ಮುಚ್ಚಿಕೊಳ್ಳುತ್ತದೆ. ಇದರ ಜೊತೆಗೆ ಮೊನ್ನೆ ಭರಣಿ ಮಳೆ ಹೊಯ್ದಾಗ ಬ್ರೇಕ್ ಹಾಕಿದ ಕೂಡಲೇ ಎಡಗಡೆ ಸೀಟಿನ ಮುಂದೆ ನೀರು ಸುರಿಯಿತು.

ಮೆಕ್ಯಾನಿಕ್ ನೋಡಿ, ಮೋಟಾರ್ ಹೋಗಿದೆ, ರಬ್ಬರ್ ಬೀಡಿಂಗೂ ಬದಲಾಯಿಸಬೇಕು ಅಂದರು. ಎರಡೂ ಇಲ್ಲಿ ಸಿಗುತ್ತಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ ವಿಚಾರಿಸಿದೆ, ಇಲ್ಲ. ಹೊರದೇಶದಿಂದ ತರಿಸೋ ಮುಂಚೆ ಬಲ್ಲವರನ್ನು ಕೇಳೋಣ ಅಂತ.

ಉತ್ತರ (ಮಂಡ್ಯ)

ಅಣ್ಣ, ದಯವಿಟ್ಟು ಈಗಲೇ ಮೋಟಾರ್ ತರಿಸಬೇಡಿ. ಪ್ಯಾನೆಲ್ ನಿಂತ ಮೇಲೂ ಸದ್ದು ಬರುತ್ತಿದೆ ಅಂದರೆ ಮೋಟಾರ್ ತಿರುಗುತ್ತಿದೆ ಅಂತಲೇ ಅರ್ಥ. ಹೋದ ಮೋಟಾರ್ ಸುಮ್ನೆ ಕೂತಿರುತ್ತದೆ, ಇಲ್ಲಾ ಫ್ಯೂಸ್ ಹಾರಿಸುತ್ತದೆ.

ಹೋಂಡಾದ ಆ ಕಾಲದ ಸನ್‌ರೂಫ್ ಮೋಟಾರ್‌ನಲ್ಲಿ ಒಂದು ಜಾರುವ ಕ್ಲಚ್ ಇರುತ್ತದೆ. ಪ್ಯಾನೆಲ್ ಎಲ್ಲಾದರೂ ಸಿಕ್ಕಿಕೊಂಡರೆ ಕ್ಲಚ್ ಜಾರುತ್ತದೆ, ಪ್ಯಾನೆಲ್ ಎಳೆಯುವ ಕೇಬಲ್ ಮತ್ತು ಮೋಟಾರ್ ಉಳಿಯುತ್ತವೆ. ನಿಮಗೆ ಕೇಳಿಸುತ್ತಿರುವುದು ಹೆಚ್ಚುಕಮ್ಮಿ ಅದೇ ಸದ್ದು. ಈಗ ನೋಡಬೇಕಾದ್ದು ಎರಡೇ: ಕ್ಲಚ್ ಸಡಿಲ ಆಗಿದೆಯಾ, ಇಲ್ಲಾ ಟ್ರ್ಯಾಕ್‌ನಲ್ಲಿ ಏನಾದರೂ ತಡೆಯುತ್ತಿದೆಯಾ.

ಇಗ್ನಿಷನ್ ಆಫ್ ಮಾಡಿ. ರೂಫ್ ಲೈನಿಂಗ್‌ನಲ್ಲಿ ಒಂದು ಸಣ್ಣ ಗುಂಡು ಪ್ಲಗ್ ಇದೆ, ಅದನ್ನು ಬಟ್ಟೆ ಸುತ್ತಿದ ಸ್ಕ್ರೂಡ್ರೈವರ್‌ನಿಂದ ಮೆಲ್ಲಗೆ ಎಬ್ಬಿ ತೆಗೆಯಿರಿ. ಡಿಕ್ಕಿಯ ಟೂಲ್ ಚೀಲದಲ್ಲಿ ಸನ್‌ರೂಫ್ ಕೀ ಇರಬೇಕು. ಅದನ್ನು ಒಳಗೆ ಕೂರಿಸಿ ಕೈಯಲ್ಲೇ ತಿರುಗಿಸಿ. ಪೂರ್ತಿ ತೆರೆಯಿರಿ, ಪೂರ್ತಿ ಮುಚ್ಚಿ. ಎಲ್ಲಿ ಬಿಗಿಯಾಗುತ್ತದೆ ಅಂತ ನಿಮ್ಮ ಕೈಗೇ ಗೊತ್ತಾಗುತ್ತದೆ. ಒಬ್ಬರನ್ನು ಹೊರಗೆ ನಿಲ್ಲಿಸಿ, ಪ್ಯಾನೆಲ್‌ನ ಎಡ ಬಲ ಎರಡೂ ಒಟ್ಟಿಗೆ ಬರುತ್ತಿವೆಯಾ ಅಂತ ನೋಡಿಸಿ.

ಆಮೇಲೆ ಇಂಜಿನ್ ಆನ್ ಮಾಡಿ, ಸ್ವಿಚ್ ಒತ್ತಿ ಹಿಡಿದು, ಮೋಟಾರ್ ಕನೆಕ್ಟರ್‌ನಲ್ಲಿ ಮಲ್ಟಿಮೀಟರ್ ಇಟ್ಟು ನೋಡಿ. ಬ್ಯಾಟರಿಯಲ್ಲಿ ಇರುವಷ್ಟೇ ವೋಲ್ಟೇಜ್ ಅಲ್ಲೂ ಹತ್ತಿರಹತ್ತಿರ ಬರಬೇಕು. ತುಂಬಾ ಕಡಿಮೆ ಬಂದರೆ ಅರ್ಥಿಂಗ್, ಸ್ವಿಚ್, ರಿಲೇ ಕಡೆ ಹೋಗೋಣ. ಬೀಡಿಂಗ್ ವಿಷಯ ಸದ್ಯಕ್ಕೆ ಬಿಡಿ.

ಪ್ರಶ್ನೆ ಕೇಳಿದವರು

ತುಂಬಾ ಥ್ಯಾಂಕ್ಸ್ ಅಣ್ಣ. ಕೀ ಟೂಲ್ ಚೀಲದಲ್ಲೇ ಇತ್ತು. ವೋಲ್ಟೇಜ್ 13.4 ಬರುತ್ತಿದೆ. ಕೈಯಲ್ಲಿ ತಿರುಗಿಸಿದರೆ ಅರ್ಧದವರೆಗೂ ಹಗುರ, ಅಲ್ಲಿಂದ ಮುಂದಕ್ಕೆ ಬಿಗಿ. ಎಡಗಡೆ ಒಂದು ಬೆರಳಷ್ಟು ಹಿಂದೆ ಉಳಿಯುತ್ತದೆ. ಹಾಗಾದರೆ ಆ ಕ್ಲಚ್ ನಟ್ ಸ್ವಲ್ಪ ಬಿಗಿ ಮಾಡಿದರೆ ಸಾಕಾ?

ಉತ್ತರ (ಮಂಡ್ಯ)

ಬೇಡ, ಖಂಡಿತ ಬೇಡ. ತಡೆ ಹಾಗೇ ಇಟ್ಟುಕೊಂಡು ಕ್ಲಚ್ ಬಿಗಿ ಮಾಡಿದರೆ ಆ ಜೋರೆಲ್ಲಾ ಕೇಬಲ್ ಮೇಲೆ ಬೀಳುತ್ತದೆ. ಕೇಬಲ್ ಹೋದರೆ ಕೆಲಸ ದುಪ್ಪಟ್ಟು. ಇನ್ನೊಂದು ಮಾತು. ಈಗಿನ ಗಾಡಿಗಳ ಹಾಗೆ ಕೈ ಸಿಕ್ಕಿದರೆ ತಾನೇ ಹಿಂದೆ ಸರಿಯುವ ವ್ಯವಸ್ಥೆ ಇದರಲ್ಲಿಲ್ಲ. ಮಕ್ಕಳ ಬೆರಳು ಸಿಕ್ಕಿದರೆ ಸ್ವಲ್ಪವಾದರೂ ಕಾಪಾಡೋದು ಆ ಜಾರುವ ಕ್ಲಚ್ ಒಂದೇ. ಟ್ರ್ಯಾಕ್ ಸರಿಯಾದ ಮೇಲೂ ಜಾರಿದರೆ ಮಾತ್ರ ಅದನ್ನು ಮುಟ್ಟಿ. ಆಗಲೂ ಸ್ಪ್ರಿಂಗ್ ತಕ್ಕಡಿ ಹಾಕಿ ಎಳೆತದ ಬಲ ಅಳೆದು, ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಕೊಟ್ಟಿರುವ ಲೆಕ್ಕಕ್ಕೆ ಹೊಂದಿಸಿ.

ನಿಮ್ಮ ತೊಂದರೆ ಎಡಗಡೆ ಟ್ರ್ಯಾಕ್‌ನಲ್ಲಿದೆ. ಪ್ಯಾನೆಲ್ ಬಿಚ್ಚುವ ಮುಂಚೆ ಸ್ಕ್ರೂ ಇರುವ ಜಾಗಗಳಲ್ಲಿ ಪೆನ್ಸಿಲ್ ಗುರುತು ಹಾಕಿಕೊಳ್ಳಿ. ಕೆಳಗೆ ತೆಳ್ಳನೆಯ ವಾಷರ್‌ಗಳಿದ್ದರೆ ಯಾವುದು ಯಾವ ಮೂಲೆಯದು ಅಂತ ಬರೆದಿಡಿ. ಇಲ್ಲಾಂದ್ರೆ ಮತ್ತೆ ಕೂರಿಸುವಾಗ ಪ್ಯಾನೆಲ್ ಏರುಪೇರಾಗಿ, ಓಡಿಸುವಾಗ ಗಾಳಿ ಸಿಳ್ಳೆ ಹೊಡೆಯುತ್ತದೆ.

ಹಳೇ ಗ್ರೀಸ್ ಧೂಳು ಕುಡಿದು ಡಾಂಬರಿನ ಹಾಗೆ ಗಟ್ಟಿಯಾಗಿರುತ್ತದೆ. ಐಸ್‌ಕ್ರೀಂ ಕಡ್ಡಿಯಲ್ಲಿ ಕೆರೆದು, ಸೋಪಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ. ಪೆಟ್ರೋಲ್, ಥಿನ್ನರ್ ಹತ್ತಿರ ತರಬೇಡಿ, ಪೇಂಟ್ ಮತ್ತು ಲೈನಿಂಗ್ ಎರಡೂ ಹಾಳು. ಆಮೇಲೆ ಟ್ರ್ಯಾಕ್ ಒಳಗೆ ಜಾರುವ ಪ್ಲಾಸ್ಟಿಕ್ ಗೈಡ್‌ಗಳನ್ನು ಟಾರ್ಚ್ ಬಿಟ್ಟು ನೋಡಿ. ಬಿರುಕು ಬಿಟ್ಟ ಗೈಡ್ ಅಡ್ಡಡ್ಡ ತಿರುಗಿ ಟ್ರ್ಯಾಕ್ ಕಚ್ಚಿಕೊಳ್ಳುತ್ತದೆ.

ಮತ್ತೊಬ್ಬರು (ಮೈಸೂರು, ಸರಸ್ವತಿಪುರಂ)

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಸೋರುವ ವಿಷಯಕ್ಕೆ. ಸನ್‌ರೂಫ್ ಬೀಡಿಂಗ್ ನೀರನ್ನು ಪೂರ್ತಿ ತಡೆಯೋದಿಲ್ಲ, ಅದರ ಕೆಲಸವೂ ಅದಲ್ಲ. ಸ್ವಲ್ಪ ನೀರು ಒಳಗಿನ ತಟ್ಟೆಗೆ ಇಳಿಯುತ್ತದೆ. ಅಲ್ಲಿಂದ ಮೂಲೆಗಳಲ್ಲಿರುವ ಸಣ್ಣ ಪೈಪ್‌ಗಳ ಮೂಲಕ ಕೆಳಗೆ ಹೋಗಬೇಕು. ಮುಂದಿನ ಪೈಪ್‌ಗಳು ವಿಂಡ್‌ಶೀಲ್ಡ್ ಪಕ್ಕದ ಕಂಬದೊಳಗೆ ಇಳಿಯುತ್ತವೆ. ಅವು ಕಟ್ಟಿಕೊಂಡರೆ ತಟ್ಟೆ ತುಂಬಿ, ಬ್ರೇಕ್ ಹಾಕಿದಾಗ ಮುಂದಕ್ಕೆ ಚೆಲ್ಲುತ್ತದೆ. ನೀವು ಹೇಳಿದ್ದೂ ಅದೇ ಅಲ್ವಾ?

ಗಾಡಿ ಹೊಂಗೆ ಮರದ ಕೆಳಗೆ ನಿಲ್ಲಿಸುತ್ತೀರಾ? ನಮ್ಮ ಬೀದಿಯಲ್ಲಿ ಬೇಸಿಗೆ ಹೊತ್ತಿಗೆ ಹೊಂಗೆ ಹೂ ಸುರಿದು ರಸ್ತೆಯೇ ಕಾಣೋದಿಲ್ಲ. ಆ ಪುಟ್ಟ ಹೂಗಳು ತಟ್ಟೆಗೆ ಬಿದ್ದು, ಕೊಳೆತು, ಪೈಪ್ ಬಾಯಿಗೆ ಹೋಗಿ ಕೂರುತ್ತವೆ.

ಪ್ರತಿ ಮೂಲೆಗೂ ಒಂದು ಲೋಟ ನೀರನ್ನು ನಿಧಾನವಾಗಿ ಬಿಡಿ, ಗಾಡಿ ಕೆಳಗೆ ಬೀಳುತ್ತದಾ ನೋಡಿ. ನೀರು ಇಳಿಯದೆ ನಿಂತರೆ ಹುಲ್ಲು ಕತ್ತರಿಸುವ ಮೆಷಿನ್ನಿನ ನೈಲಾನ್ ದಾರ ತೂರಿಸಿ. ತುದಿಯನ್ನು ಬೆಂಕಿಕಡ್ಡಿಯಲ್ಲಿ ಸುಟ್ಟು ಉಂಡೆ ಮಾಡಿಕೊಳ್ಳಿ, ಪೈಪ್ ತೂತಾಗೋದಿಲ್ಲ. ಪಂಕ್ಚರ್ ಅಂಗಡಿ ಕಂಪ್ರೆಸರ್ ಗಾಳಿ ಮಾತ್ರ ಹೊಡೆಸಬೇಡಿ. ಲೈನಿಂಗ್ ಒಳಗೆ ಪೈಪ್ ಕಳಚಿಕೊಂಡರೆ ಇಡೀ ಲೈನಿಂಗ್ ಇಳಿಸಬೇಕಾಗುತ್ತದೆ.

ಪ್ರಶ್ನೆ ಕೇಳಿದವರು

ಹೊಂಗೆ ಮರದ ಕೆಳಗೇ ನಿಲ್ಲಿಸೋದು! ಎಡಗಡೆ ಮುಂದಿನ ಪೈಪ್‌ನಿಂದ ಕಪ್ಪು ಕೆಸರು ಬಂತು, ಈಗ ನೀರು ಸರಾಗವಾಗಿ ಇಳಿಯುತ್ತಿದೆ. ಎಡಗಡೆ ಗೈಡ್ ಕೂಡ ಸೀಳಿದೆ, ತುಂಡು ತೆಗೆದಿಟ್ಟಿದ್ದೇನೆ. ಬಲಗಡೆಯದು ಚೆನ್ನಾಗಿದೆ. ಹೊಸದು ಎಲ್ಲಿ ಸಿಗಬಹುದು?

ಉತ್ತರ (ಮಂಡ್ಯ)

ಮಾಡಿಸಿಬಿಡಿ. ಬಲಗಡೆ ಗೈಡನ್ನೂ ಬಿಚ್ಚಿಕೊಂಡು ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಡೆ ಮಿಲ್ಲಿಂಗ್ ಮಾಡುವ ಸಣ್ಣ ವರ್ಕ್‌ಶಾಪ್ ಹುಡುಕಿ. ಅದನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುವಿ ಹಾಕಿದ ಅಚ್ಚು ಎಡಕ್ಕೆ ಬೇಕು ಅಂತ ಕೈಯಲ್ಲಿ ಹಿಡಿದು ತೋರಿಸಿ. ನೈಲಾನ್‌ಗಿಂತ ಡೆಲ್ರಿನ್ (ಅಸಿಟಾಲ್ ಅನ್ನೋ ಗಟ್ಟಿ ಪ್ಲಾಸ್ಟಿಕ್) ಒಳ್ಳೇದು, ನೀರು ಕುಡಿದು ಊದುವುದು ಕಡಿಮೆ. ಟ್ರ್ಯಾಕ್‌ನಲ್ಲಿ ಕೈಯಲ್ಲಿ ತಳ್ಳಿದರೆ ಸರಿಯಬೇಕು, ಆದರೆ ಅಲ್ಲಾಡಬಾರದು. ಅಷ್ಟು ನೋಡಿಕೊಂಡು ತನ್ನಿ.

ಜೋಡಿಸುವಾಗ ಮುಖ್ಯವಾದ ಕೆಲಸ ಒಂದಿದೆ. ಒಂದೇ ಗೇರ್ ಎರಡೂ ಕಡೆ ಕೇಬಲ್ ಎಳೆಯುತ್ತದೆ. ಎಡಗಡೆ ಹಿಂದೆ ಬಿದ್ದಿದೆ ಅಂದರೆ ಕೇಬಲ್ ಹಲ್ಲು ಜಿಗಿದಿರಬಹುದು. ಮೋಟಾರ್ ಬಿಚ್ಚಿ, ಎರಡೂ ಕಡೆಯನ್ನು ಕೈಯಲ್ಲೇ ಪೂರ್ತಿ ಮುಚ್ಚಿದ ಜಾಗಕ್ಕೆ ತಂದು ಸಮ ಮಾಡಿ, ಆಮೇಲೆ ಮೋಟಾರ್ ಕೂರಿಸಿ. ಮೊದಲ ಸಲ ಕೀ ಹಾಕಿ ಕೈಯಲ್ಲೇ ಓಡಿಸಿ, ಸ್ವಿಚ್ ಒತ್ತಬೇಡಿ.

ಟ್ರ್ಯಾಕ್‌ಗೆ ಬಿಳಿ ಲಿಥಿಯಂ ಗ್ರೀಸ್ ತೆಳ್ಳಗೆ ಸವರಿ. ಬೀಡಿಂಗ್‌ಗೆ ಸಿಲಿಕೋನ್ ಗ್ರೀಸ್ ಮಾತ್ರ, ಬೇರೆ ಗ್ರೀಸ್ ತಾಗಿದರೆ ರಬ್ಬರ್ ಊದಿಕೊಳ್ಳುತ್ತದೆ. ನಿಮ್ಮ ಬೀಡಿಂಗ್ ಹರಿದಿಲ್ಲದಿದ್ದರೆ ಅದನ್ನೇ ತೊಳೆದು ಹಾಕಿ, ಹೊಸದು ಬೇಕಿಲ್ಲ. ಗೈಡ್ ರೆಡಿಯಾದ ಮೇಲೆ ಅಳತೆ ಬರೆದು ಒಂದು ಫೋಟೋ ಇಲ್ಲೇ ಹಾಕಿ, ಇದೇ ಗಾಡಿ ಇಟ್ಟುಕೊಂಡಿರುವ ಬೇರೆಯವರಿಗೂ ಬೇಕಾಗುತ್ತದೆ.