ಆಮ್ಲೋಡಿಪಿನ್ ಸೇವನೆ ಮತ್ತು ಕಾಲಿನ ಬಾವು

ಪ್ರಶ್ನೆ (ಸೋಮವಾರಪೇಟೆ): ರಕ್ತದೊತ್ತಡಕ್ಕೆಂದು ನಮ್ಮ ತಂದೆಯವರು ಎರಡು ತಿಂಗಳಿಂದ 5 ಮಿಲಿಗ್ರಾಂ ಆಮ್ಲೋಡಿಪಿನ್ ಸೇವಿಸುತ್ತಿದ್ದು, ಸಂಜೆ ತೋಟದಿಂದ ಮರಳುವಾಗ ಎರಡೂ ಪಾದಗಳು ಬಾತಿರುತ್ತವೆ. ಮಾತ್ರೆ ನಿಲ್ಲಿಸಬಹುದೇ?

ಉತ್ತರ 1: ತಾವಾಗಿಯೇ ನಿಲ್ಲಿಸಬೇಡಿ. ಈ ಔಷಧವು ಸಣ್ಣ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ದ್ರವವು ಸುತ್ತಲಿನ ಅಂಗಾಂಶಕ್ಕೆ ಸೋರಿ ಬಾವು ಬರುವುದುಂಟು. ವೈದ್ಯರು ಪ್ರಮಾಣ ತಗ್ಗಿಸಬಹುದು ಅಥವಾ ಮಾತ್ರೆ ಬದಲಿಸಬಹುದು. ಉಸಿರಾಟದ ತೊಂದರೆಯಿದ್ದರೆ, ಅಥವಾ ಒಂದೇ ಕಾಲು ಬಾತರೆ, ಕೂಡಲೇ ತೋರಿಸಿ.

ಉತ್ತರ 2: ಕಾಫಿ ಕೊಯ್ಲಿನ ದಿನಗಳಲ್ಲಿ ಮೈಕೈ ನೋವಿಗೆ ಡೈಕ್ಲೋಫೆನಾಕ್ ನುಂಗುವವರು ನಮ್ಮಲ್ಲಿ ಬಹಳ (ನಾನೂ ಹೊರತಲ್ಲ). ಅದು ದೇಹದಲ್ಲಿ ಉಪ್ಪು, ನೀರನ್ನು ಉಳಿಸಿ ಒತ್ತಡವನ್ನೂ ಬಾವನ್ನೂ ಹೆಚ್ಚಿಸಬಲ್ಲದು. ನಿಮ್ಮ ತಂದೆಯವರೂ ಅದನ್ನು ನುಂಗುತ್ತಾರೆಯೇ ಎಂದು ಕೇಳಿ ನೋಡಿ.

ಪ್ರಶ್ನಿಸಿದವರು: ಕೇಳಿದೆ, ಅದನ್ನೂ ನುಂಗುತ್ತಿದ್ದರಂತೆ! ಎರಡೂ ಮಾತ್ರೆಗಳ ಹಾಳೆಯೊಂದಿಗೆ ನಾಳೆಯೇ ವೈದ್ಯರನ್ನು ಕಾಣುತ್ತೇವೆ.