ಕೆರೆ ಏರಿ ಮೇಲೆ ಗಾಳ ಹಾಕೋರ ವಿಚಾರ: ಭಾನುವಾರದೊಳಗೆ ಒಂದು ತೀರ್ಮಾನ ಮಾಡಣ

ಅಧ್ಯಕ್ಷರು, ನಿವಾಸಿಗಳ ಸಂಘ:
ಎಲ್ಲರಿಗೂ ನಮಸ್ಕಾರ. ಇವತ್ತು ಬೆಳಿಗ್ಗೆ ಏರಿ ಮೇಲೆ ವಾಕಿಂಗ್ ಹೊಂಟಿದ್ದ 4ನೇ ಕ್ರಾಸ್ ಅಕ್ಕೋರ ದುಪಟ್ಟಾಕ್ಕೆ ಗಾಳದ ಕೊಕ್ಕೆ ಸಿಕ್ಕಾಕ್ಕೊಂಡೈತಿ. ಹಿಂದೆ ಯಾರು ಬರ್ತಾರೆ ಅಂತ ತಿರುಗಿ ನೋಡದೆ ಒಬ್ಬ ಹುಡುಗ ಕೋಲು ಬೀಸಿದಾನೆ. ಒಂದು ಗೇಣು ಮೇಲೆ ಬಂದಿದ್ರೆ ಕಣ್ಣಿಗೇ. ಕೆರೆ ಕೋಡಿ ಬಿದ್ದಾಗಿಂದ ರಜೆ ದಿನ ಅಲ್ಲಿ ಕಾಲಿಡಕ್ಕೆ ಜಾಗ ಇಲ್ಲ. ಏನು ಮಾಡಣ, ಹೇಳ್ರಿ.

4ನೇ ಕ್ರಾಸ್ ಅಕ್ಕ:
ನನಗೇನೂ ಆಗಿಲ್ಲ, ದುಪಟ್ಟಾ ಹರೀತು ಅಷ್ಟೆ. ಆದ್ರೆ ನನ್ನ ಹಿಂದೇನೇ ನಮ್ಮ ಮೊಮ್ಮಗ ಸೈಕಲ್ ಹೊಡ್ಕೊಂಡು ಬರ್ತಿದ್ದ. ಅದನ್ನ ನೆನೆಸ್ಕೊಂಡ್ರೆ ಈಗಲೂ ಕೈ ನಡುಗ್ತಾವೆ. ಗೇಟ್ ಹಾಕಿ ಬೀಗ ಜಡೀರಿ. ಮೀನು ಬೇಕಾದೋರು ಮಾರ್ಕೆಟ್‌ಗೆ ಹೋಗಲಿ.

1ನೇ ಮೇನ್, ಮೂಲೆ ಮನೆ:
ಅಕ್ಕೋರು ಹೇಳಿದ್ದು ಸರಿ ಐತಿ. ಬರೋರೆಲ್ಲ ಹೊರಗಿನೋರು. ಕುಡಿದ ಬಾಟ್ಲಿ, ಮಂಡಕ್ಕಿ ಪೊಟ್ಟಣ ಅಲ್ಲೇ ಒಗೆದು ಹೋಗ್ತಾರೆ. ನಮ್ಮ ಬಡಾವಣೆಯೋರಿಗೆ ಮಾತ್ರ ಅಂತ ಬೋರ್ಡ್ ಹಾಕಣ.

2ನೇ ಮೇನ್, ಗಾಳದ ಅಣ್ಣ:
ಅಕ್ಕಾ, ಕೇಳಿ ಬಹಳ ಸಂಕಟ ಆಯ್ತು. ನಾನು ಚಿಕ್ಕಂದಿನಿಂದ ಗಾಳ ಹಾಕೋನು. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೀತೀನಿ, ದಯವಿಟ್ಟು ಪೂರ್ತಿ ಓದ್ರಿ.

ಬಿದಿರು ಕೋಲಿನ ಕಾಲದಲ್ಲಿ ದಾರ ಹೆಚ್ಚು ಕಮ್ಮಿ ಕೋಲಿನಷ್ಟೇ ಉದ್ದ ಇರ್ತಿತ್ತು. ಎರೆಹುಳ ಚುಚ್ಚಿ, ಬೆಂಡು ಕಟ್ಟಿ, ಕಾಲ ಬುಡದ ನೀರಿಗೆ ಇಳಿಬಿಡೋದು. ಪಕ್ಕದಾಗೆ ಯಾರಿದ್ರೂ ತೊಂದರೆ ಇರಲಿಲ್ಲ. ಈಗ ರೀಲ್ ಇರೋ ಕೋಲು ಮನೆ ಬಾಗಿಲಿಗೇ ಬರ್ತಾವೆ. ಸೀಸದ ಗುಂಡು ಕಟ್ಟಿ ಬೀಸಿದ್ರೆ ಕೆರೆ ನಡುವಿಗೆ ಹೋಗಿ ಬೀಳ್ತದೆ. ಮುಂದಕ್ಕೆ ಅಷ್ಟು ದೂರ ಹೋಗೋ ಕೊಕ್ಕೆ, ಅದಕ್ಕೂ ಮೊದಲು ಅಷ್ಟೇ ರಭಸದಾಗೆ ಬೆನ್ನ ಹಿಂದೆ ಬಂದಿರ್ತದೆ. ಹಂಗಾಗಿ ಕೋಲು ಕೈಗೆ ಕೊಡೋ ಮೊದಲು ಕಲಿಸಬೇಕಾದ್ದು ಒಂದೇ, ಹಿಂದೆ ನೋಡು. ದಾರಿ ಮೇಲೆ ಜನ ಇದ್ರೆ ತಲೆ ಮೇಲಿಂದ ಬೀಸಲೇಬಾರದು. ಕೋಲನ್ನ ಕೆಳಗೆ ಹಿಡಿದು ಮುಂದಕ್ಕೆ ಚಿಮ್ಮಿಸಬೇಕು. ಇನ್ನೊಂದು, ಕೋಡಿ ಹತ್ರ ಕರೆಂಟ್ ತಂತಿ ಹಾದು ಹೋಗಿದಾವೆ. ಕಾರ್ಬನ್ ಕೋಲಿನಾಗೆ ಕರೆಂಟ್ ಹರೀತದೆ. ತಂತಿ ಕೆಳಗೆ ಅದನ್ನ ಎತ್ತಿ ನಿಲ್ಲಿಸೋದು ಪ್ರಾಣಕ್ಕೇ ಕುತ್ತು.

ಜಾಗದ ವಿಚಾರ. ಮೊದಲು ಬಂದು ಕೂತೋನದು ಆ ಜಾಗ, ಅದರ ಮುಂದಿನ ನೀರೂ ಅವನದೇ. ಪಕ್ಕದಾಗೆ ಕೂರೋದಿದ್ರೆ 'ಇಲ್ಲಿ ಹಾಕ್ಲಾ ಅಣ್ಣಾ?' ಅಂತ ಒಂದು ಮಾತು ಕೇಳಬೇಕು. ಆತ ಬೆಳಗಿನ ಜಾವ ಬಂದು ಶೇಂಗಾ ಹಿಂಡಿ, ತವುಡು ಕಲಸಿ ಎಸೆದು ಕಾಟ್ಲಾ ಮೀನು ಬರಲಿ ಅಂತ ಕಾದಿರ್ತಾನೆ. ಎಂಟು ಗಂಟೆಗೆ ಬಂದೋನು ಆ ಹಿಂಡಿ ಮೇಲೇ ತನ್ನ ಕೊಕ್ಕೆ ಎಸೆದ್ರೆ, ಅದು ಬೇರೆಯೋರ ತಟ್ಟೆಗೆ ಕೈ ಹಾಕಿದಂಗೆ. ದಾರ ಯಾವಾಗಲೂ ನೇರ ಮುಂದಕ್ಕೆ ಬಿಡಬೇಕು. ಓರೆಯಾಗಿ ಬಿಟ್ರೆ ನಾಕು ಜನರ ದಾರ ಒಂದರ ಮೇಲೊಂದು ಬೀಳ್ತಾವೆ. ಗಂಟಾದ್ರೆ ನಮ್ಮ ದಾರ ಕತ್ತರಿಸ್ಕೋಬೇಕು, ಪಕ್ಕದೋನದಲ್ಲ. ದೊಡ್ಡ ಮೀನು ಕಚ್ಚಿದೋನು 'ಮೀನು, ಮೀನು' ಅಂತ ಕೂಗಿದ ತಕ್ಷಣ ಅಕ್ಕಪಕ್ಕದೋರು ತಮ್ಮ ದಾರ ಸುತ್ತಿ ಎತ್ಕೊಂಡು ದಾರಿ ಬಿಡ್ತಾರೆ. ಹರಿಹರದ ಹೊಳೆ ದಂಡೆಯಾಗೆ ಹಳಬರು ಹಂಗೇ ಮಾಡ್ತಿದ್ರು, ಯಾರೂ ಹೇಳಿಕೊಡಬೇಕಿರಲಿಲ್ಲ. ಆತ ಕರೆಯದೆ ಅವನ ಮೀನಿಗೆ ಕೈಬಲೆ ಹಾಕೋದೂ ತಪ್ಪು.

ಬೀಗ ಹಾಕಿದ್ರೆ ಇದ್ಯಾವುದೂ ಸರಿ ಹೋಗಲ್ಲ. ಜನ ಕತ್ತಲಾದ ಮೇಲೆ ಬೇಲಿ ಹಾರಿ ಬರ್ತಾರೆ.

ಮೇಷ್ಟ್ರು, 3ನೇ ಕ್ರಾಸ್:
ಎರಡು ಮಾತು ಸೇರಿಸ್ತೀನಿ. ನಮ್ಮವರಿಗೆ ಮಾತ್ರ ಅಂತ ಬೋರ್ಡ್ ಹಾಕೋ ಹಕ್ಕು ನಮಗಿಲ್ಲ. ಬಡಾವಣೆ ಮೊನ್ನೆ ಮೊನ್ನೆ ಆಗಿದ್ದು, ಕೆರೆ ಹಳ್ಳಿಯೋರದು. ಇನ್ನು ಅದರ ಮೀನು ನಮ್ಮದೂ ಅಲ್ಲ, ಗಾಳ ಹಾಕೋರದೂ ಅಲ್ಲ. ಗುತ್ತಿಗೆ ಹಿಡಿದಿರೋದು ಮೀನುಗಾರರ ಸಹಕಾರ ಸಂಘ. ಕಾಟ್ಲಾ, ರೋಹು, ಮೃಗಾಲ್ ನಿಂತ ನೀರಿನ ಕೆರೆಯಾಗೆ ತಾವಾಗಿ ಮರಿ ಮಾಡಲ್ಲ, ಮಳೆಗಾಲದ ಹರಿಯೋ ಹೊಳೆ ಬೇಕು ಅವಕ್ಕೆ. ಆ ಸಂಘದೋರು ದುಡ್ಡು ಕೊಟ್ಟು ಬಿತ್ತನೆ ಮರಿ ತಂದು ಬಿಟ್ಟಿದಾರೆ. ಮೊದಲು ಅವರನ್ನ ಕೇಳದೆ ನಾವು ನಿಯಮ ಬರೆಯೋದು ನ್ಯಾಯ ಅಲ್ಲ.

ಹೋದ ವರ್ಷ ತೂಬಿನ ಹತ್ರ ತೋಟಾ ಸಿಡಿಸಿದ ಸದ್ದು ಕೇಳಿದ್ವಿ ಅಂತ ಕೆಲವರು ಹೇಳಿದ್ರಲ್ಲ, ಅದು ಶಿಸ್ತಿನ ಮಾತಲ್ಲ, ಅಪರಾಧ. ಸಿಡಿಮದ್ದು, ವಿಷ ಹಾಕಿ ಮೀನು ಕೊಲ್ಲೋದನ್ನ 1897ರ ಮೀನುಗಾರಿಕೆ ಕಾಯ್ದೆಯೇ ನಿಷೇಧಿಸಿತ್ತು. ನಮ್ಮ ರಾಜ್ಯದ್ದೇ 1996ರ ಒಳನಾಡು ಮೀನುಗಾರಿಕೆ ಕಾಯ್ದೆ ಐತಿ. ಮತ್ತೆ ಕೇಳಿಸಿದ್ರೆ ನೇರ ಪೊಲೀಸ್‌ಗೆ ಫೋನ್ ಮಾಡ್ರಿ, ಇಲ್ಲಿ ಬರೆದು ಸುಮ್ಮನಾಗಬ್ಯಾಡ್ರಿ.

2ನೇ ಮೇನ್, ಗಾಳದ ಅಣ್ಣ:
ಮೇಷ್ಟ್ರೇ, ಸಂಜೆ ಆ ಸಹಕಾರ ಸಂಘದ ತೆಪ್ಪದೋರ ಹತ್ರ ಹೋಗಿದ್ದೆ. ಅವರಿಗೆ ಗಾಳದ ಮೇಲೆ ಸಿಟ್ಟಿಲ್ಲ. ಸಿಟ್ಟಿರೋದು ಬಲೆ ವಿಚಾರಕ್ಕೆ. ರಾತ್ರಿ ಬಿಟ್ಟ ಬಲೆ ಬೆಳಿಗ್ಗೆ ಎತ್ತೋದ್ರೊಳಗೆ ನಮ್ಮೋರು ಅದರ ಮೇಲೆ ಗಾಳ ಎಸೀತಾರೆ. ಕೊಕ್ಕೆ ಸಿಕ್ಕಿದ್ರೆ ದಾರ ಕತ್ತರಿಸೋ ಬದಲು ಜಗ್ಗಿ ಎಳೀತಾರೆ. ಕೈಯಾಗೆ ಹಿಡಿದು ತೋರಿಸಿದ್ರು, ನೈಲಾನ್ ಬಲೆಯಾಗೆ ನನ್ನ ತೋಳು ದಾಟೋವಷ್ಟು ತೂತು. ಅಂಚಿಗೆ ಮೂರು ಮುಳ್ಳಿನ ಕೊಕ್ಕೆ ಇನ್ನೂ ಸಿಕ್ಕೊಂಡೇ ಇತ್ತು. ಅದನ್ನ ಹೊಲಿಯೋಕೆ ಒಂದು ದಿನದ ದುಡಿಮೆ ಹೋಗ್ತದೆ ಅಂದ್ರು. ತೆಪ್ಪ ಎಲ್ಲಿ ಬಲೆ ಬಿಟ್ಟೈತೋ ಅಲ್ಲಿ ಬಿಳಿ ಡಬ್ಬ ತೇಲಿಬಿಡ್ತೀವಿ, ಅದರಾಚೆ ಎಸೀಬ್ಯಾಡ್ರಿ, ಇಷ್ಟೇ ಅವರು ಕೇಳಿದ್ದು.

ಇನ್ನೊಂದು ನನ್ನ ಸ್ವಂತ ಮನವಿ. ಜೊಂಡಿನ ಪಕ್ಕ ಈಗ ಕೊರವ ಮೀನು ಮರಿ ಮಾಡೈತಿ. ಕೆಂಪು ಮರಿಗಳ ಗುಂಪು ನೀರ ಮೇಲೆ ಕುದಿಯೋ ಹಂಗೆ ಕಾಣ್ತದೆ, ಕೆಳಗೆ ತಾಯಿ ತಂದೆ ಕಾವಲಿರ್ತಾವೆ. ಆ ಗುಂಪಿಗೆ ಕೊಕ್ಕೆ ಎಸೆದ್ರೆ ಮರಿ ಉಳಿಸಕ್ಕೆ ಅವು ಬಂದು ಕಚ್ಚೇ ಕಚ್ತಾವೆ. ಅದರಾಗೆ ಜಾಣತನ ಏನೂ ಇಲ್ಲ. ದೊಡ್ಡದು ಹೋದ ಗಳಿಗೆಗೆ ಜಿಲೇಬಿ ಮೀನು ಬಂದು ಮರಿಗಳನ್ನ ತಿಂದು ಹಾಕ್ತಾವೆ. ಇದನ್ನ ಮಾಡಿ ಫೋಟೋ ಹಾಕ್ಕೊಳೋರನ್ನ ಕಂಡ್ರೆ ನನಗೆ ತಡೆಯಕ್ಕಾಗಲ್ಲ. ಅಂಗೈಗಿಂತ ಸಣ್ಣ ಮೀನೂ ಅಷ್ಟೇ, ಕೈ ಒದ್ದೆ ಮಾಡ್ಕೊಂಡು ಬಿಡಿಸಿ ನೀರಿಗೆ ಬಿಟ್ರೆ ಬದುಕ್ತಾವೆ. ಒಣಗೈಯಾಗೆ ಹಿಡಿದ್ರೆ ಮೈ ಮೇಲಿನ ಲೋಳೆ ಹೋಗಿ ರೋಗ ಹತ್ತುತ್ತೆ.

5ನೇ ಕ್ರಾಸ್, ಕಾಲೇಜ್ ಹುಡುಗಿ:
ಅಂಕಲ್, ದಾರದ ವಿಷಯಾನೂ ಹಾಕಿ. ಕೋಡಿ ಪಕ್ಕದ ಜಾಲಿ ಗಿಡದಲ್ಲಿ ಒಂದು ಬೆಳ್ಳಕ್ಕಿ ಕಾಲಿಗೆ ಗಾಳದ ತಂಗೂಸಿ ದಾರ ಸುತ್ಕೊಂಡು ತಲೆಕೆಳಗಾಗಿ ನೇತಾಡ್ತಿತ್ತು. ನಾನೂ ನನ್ನ ಫ್ರೆಂಡೂ ಏಣಿ ತಂದು ಬಿಡಿಸೋಷ್ಟರಲ್ಲಿ ಕಾಲು ಕಪ್ಪಾಗಿತ್ತು, ಉಳೀಲಿಲ್ಲ. ಆ ದಾರ ಮಳೆ ಬಿಸಿಲಿಗೆ ವರ್ಷಗಟ್ಟಲೆ ಕರಗಲ್ಲ. ಸೀಸದ ಗುಂಡು ನುಂಗಿದ ನೀರುಹಕ್ಕಿಗಳು ವಿಷ ಏರಿ ಸಾಯ್ತಾವೆ ಅಂತ ಬ್ರಿಟನ್‌ನಲ್ಲಿ 1987ರಲ್ಲೇ ಗಾಳದ ಬಹುಪಾಲು ಸೀಸದ ಗುಂಡಿನ ಮಾರಾಟ ನಿಲ್ಲಿಸಿದಾರೆ.

4ನೇ ಕ್ರಾಸ್ ಅಕ್ಕ:
ಅಯ್ಯೋ ಪಾಪ. ಆತಪ್ಪ, ಬೀಗದ ಮಾತು ಬಿಡ್ತೀನಿ. ಆದ್ರೆ ವಾಕಿಂಗ್ ಹೊತ್ನಾಗೆ ಏರಿ ಮೇಲೆ ಬೀಸಕೂಡದು. ಇದನ್ನ ಮಾತ್ರ ನಾನು ಬಿಡಂಗಿಲ್ಲ.

2ನೇ ಮೇನ್, ಗಾಳದ ಅಣ್ಣ:
ಒಪ್ಪಿದೆ ಅಕ್ಕಾ. ಬೆಳಿಗ್ಗೆ ಎಂಟರ ತನಕ ತೂಬಿನಿಂದ ದೇವಸ್ಥಾನದ ಮೆಟ್ಟಿಲವರೆಗೆ ಯಾರೂ ಗಾಳ ಹಾಕೋದು ಬೇಡ. ಕೋಡಿಯಾಚೆ ಬಯಲಿನ ಕಡೆ ಹಾಕ್ಕೊಳ್ಳಲಿ, ಅಲ್ಲಿ ಬೆನ್ನ ಹಿಂದೆ ದಾರಿ ಇಲ್ಲ. ರಜೆ ದಿನ ಒಬ್ಬರಿಗೆ ಒಂದೇ ಕೋಲು. ನಾಕು ನಾಕು ಕೋಲು ಸಾಲಾಗಿ ನೆಟ್ಟು ಇಡೀ ದಂಡೆ ಹಿಡ್ಕೊಂಡು ನೆರಳಿಗೆ ಹೋಗಿ ಕೂರೋರು ಬಹಳ ಆಗಿದಾರೆ, ಜಗಳ ಶುರುವಾಗೋದೇ ಅಲ್ಲಿ.

1ನೇ ಮೇನ್, ಮೂಲೆ ಮನೆ:
ಕುಡಿಯೋರ ಕಥೆ? ರಾತ್ರಿ ಟಾರ್ಚ್ ಬಿಟ್ಕೊಂಡು ಕೂಗಾಡೋರ ಕಥೆ?

ಅಧ್ಯಕ್ಷರು, ನಿವಾಸಿಗಳ ಸಂಘ:
ರಾತ್ರಿ ವಿಚಾರ ಇನ್ನೂ ತೀರ್ಮಾನ ಆಗಿಲ್ಲ, ಭಾನುವಾರ ಎದುರುಬದುರು ಕೂತು ಮಾತಾಡಣ. ಬೆಳಿಗ್ಗೆ ಏಳಕ್ಕೆ ಕೋಡಿ ಹತ್ರ ಬರ್ರಿ. ತೆಪ್ಪದ ಸಂಘದೋರೂ ಬರ್ತೀವಿ ಅಂದಿದಾರೆ. ಹಳ್ಳಿಯಿಂದ ಗಾಳ ಹಾಕಕ್ಕೆ ಬರೋ ಹುಡುಗರನ್ನ ಗಾಳದ ಅಣ್ಣ ಕರ್ಕೊಂಡು ಬರ್ಲಿ, ಅವರಿಲ್ಲದೆ ಮಾತಾಡಿ ಉಪಯೋಗ ಇಲ್ಲ. ಅವತ್ತು ಕೋಲು ಬೀಸಿದ ಹುಡುಗ ಯಾರಂತ ಗೊತ್ತಾಗೈತಿ. ಅವನನ್ನ ಬೈಯೋದು ಬೇಡ, ಅಕ್ಕೋರ ಮುಂದೆ ನಿಂತು ಒಂದು ಮಾತು ಹೇಳಿದ್ರೆ ಸಾಕು.

ಮೇಷ್ಟ್ರು ಮೀನುಗಾರಿಕೆ ಇಲಾಖೆಗೆ ಅರ್ಜಿ ಬರೀತಾರೆ, ಗಾಳಕ್ಕೆ ಪರವಾನಗಿ ಹೆಂಗೆ ಅಂತಾನೂ ಅಲ್ಲೇ ಕೇಳ್ಕೊಂಡು ಬರ್ತಾರೆ. ಹಳೇ ದಾರ ಹಾಕಕ್ಕೆ ಮೂರು ಪಿವಿಸಿ ಪೈಪ್ ಬೇಕು, ಕೆಳಗೆ ಮುಚ್ಚಳ ಇರಬೇಕು. ಯಾರ ಮನೆ ಕಟ್ಟಡದ ಕೆಲಸದಾಗೆ ತುಂಡು ಉಳಿದಾವೆ?

5ನೇ ಕ್ರಾಸ್, ಕಾಲೇಜ್ ಹುಡುಗಿ:
ನಮ್ಮನೇಲಿ ಎರಡು ಇದಾವೆ ಸರ್, ನಾಲ್ಕಿಂಚಿಂದು. ಮುಚ್ಚಳ ತರಬೇಕು.

1ನೇ ಮೇನ್, ಮೂಲೆ ಮನೆ:
ಮೂರನೇದು ನಾನು ಕೊಡ್ತೀನಿ. ಡ್ರಿಲ್ ಮಿಷನ್ನೂ ತರ್ತೀನಿ, ಕಂಬಕ್ಕೆ ಅವತ್ತೇ ಕಟ್ಟಿಬಿಡಣ.